ಕ್ಷಾರವಿಲ್ಲದ ಸಾಬೂನು

ಕಳೆದ ತಿಂಗಳು ಒಂದು ಭಾನುವಾರ ಬೆಂಗಳೂರಿನಲ್ಲಿ ನಮ್ಮ ಮನೆಗೆ ಹತ್ತಿರವೇ ನಡೆದ ಕೈಕಸಬಿನ ಸಂತೆಗೆ ಹೋಗಿದ್ದೆ. ಬಣ್ಣದ ಕೊಡೆಗಳ ಕೆಳಗೆ ಮೇಜುಗಳನ್ನು ಹಾಕಿಕೊಂಡು ಓದಿದ ಮನೆತನದ ಹೆಣ್ಣುಮಕ್ಕಳು ತಾವು ಮಾಡಿದ ಮೇಣದ ಬತ್ತಿ, ಸುಟ್ಟ ಮಣ್ಣಿನ ಓಲೆ, ಕ್ರೋಶಾದ ಗೊಂಬೆ, ಹಗ್ಗ ಹೆಣೆದ ತೂಗುಗಳನ್ನು ಮಾರುತ್ತಿದ್ದರು. ನೋಡುವುದಕ್ಕೆ ಸಂತೋಷವಾಗುತ್ತಿತ್ತು. ಮೂಲೆಯ ಒಂದು ಮೇಜಿನ ಮೇಲೆ ಸಾಬೂನುಗಳಿದ್ದವು. ಬಾಳೆನಾರಿನಲ್ಲಿ ಕಟ್ಟಿ, ಒಣಗಿದ ಗುಲಾಬಿಯ ಎಸಳು ಸಿಕ್ಕಿಸಿ, ಒಂದೊಂದಕ್ಕೆ 250 ರೂಪಾಯಿಯ ಚೀಟಿ ಅಂಟಿಸಿದ್ದರು. ಮೇಲೆ ಹಲಗೆ: ‘ಅಜ್ಜಿಯ ಕೈಗುಣ. ರಾಸಾಯನಿಕ ಇಲ್ಲವೇ ಇಲ್ಲ.’

ಅರಿಸಿನದ ಸಾಬೂನನ್ನು ಕೈಗೆತ್ತಿಕೊಂಡು, “ಇದಕ್ಕೆ ಕಾಸ್ಟಿಕ್ ಸೋಡ ಎಷ್ಟು ಹಾಕುತ್ತೀಯಮ್ಮ?” ಎಂದು ಕೇಳಿದೆ. ಮಾಡುವವಳೊಬ್ಬಳು ಮಾಡುವವಳನ್ನೇ ಕೇಳುವ ಪ್ರಶ್ನೆ ಅದು. ಅಡುಗೆಯ ಮಾತಿನಲ್ಲಿ ಉಪ್ಪೆಷ್ಟು ಎಂದು ಕೇಳುವ ಹಾಗೆ.

ಹುಡುಗಿ ಬೆಚ್ಚಿಬಿದ್ದಳು. “ಅಯ್ಯೋ, ಇಲ್ಲ ಆಂಟಿ! ಕಾಸ್ಟಿಕ್ ಎಲ್ಲ ಬಟ್ಟೆ ಸೋಪಿಗೆ ಹಾಕೋದು. ನಮ್ಮದರಲ್ಲಿ ಎಣ್ಣೆ, ಅರಿಸಿನ, ಜೇನುತುಪ್ಪ, ಅಷ್ಟೇ. ಎಲ್ಲ ನ್ಯಾಚುರಲ್.”

ಪಕ್ಕದಲ್ಲಿ ನಿಂತಿದ್ದ ಇಬ್ಬರು ಹೆಂಗಸರು, ಪೂಜೆಯ ಹೊತ್ತಿನಲ್ಲಿ ಕೆಟ್ಟ ಮಾತು ಆಡಿದವಳನ್ನು ನೋಡುವಂತೆ ನನ್ನನ್ನು ನೋಡಿದರು. ನಾನು ಸಾಬೂನನ್ನು ಕೆಳಗಿಟ್ಟು ಬಂದುಬಿಟ್ಟೆ. ವ್ಯಾಪಾರದ ನಡುವೆ ಒಬ್ಬಳು ಹುಡುಗಿಯನ್ನು ನಾಲ್ಕು ಜನರೆದುರು ಹಿಡಿದು ನಿಲ್ಲಿಸುವುದು ನನಗೆ ಸರಿಕಾಣಲಿಲ್ಲ. ಆದರೆ ಅಲ್ಲಿ ನುಂಗಿಕೊಂಡ ಮಾತು ಈವರೆಗೆ ಗಂಟಲಲ್ಲೇ ಇದೆ. ಅದನ್ನು ಇಲ್ಲಿ ಹೇಳಿಬಿಡುತ್ತೇನೆ.

ಆ ಹುಡುಗಿಯ ಸಾಬೂನಿನ ಬಣ್ಣವೇ ಅವಳಿಗೆ ವಿರುದ್ಧವಾಗಿ ಸಾಕ್ಷಿ ಹೇಳುತ್ತಿತ್ತು. ಅದು ಹಳದಿಯಾಗಿರಲಿಲ್ಲ, ಕಿತ್ತಳೆ ದಾಟಿ ಕೆಂಪಿಗೆ ತಿರುಗಿತ್ತು. ಅರಿಸಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದೆಂಬುದನ್ನು ಆರತಿಗೆ ಕುಂಕುಮದ ನೀರು ಕದಡಿದ ಯಾವ ಗೃಹಿಣಿಯೂ ಬಲ್ಲಳು. ಸೀರೆಯ ಮೇಲೆ ಬಿದ್ದ ಸಾರಿನ ಕಲೆಗೆ ಸಾಬೂನು ಹಚ್ಚಿದೊಡನೆ ಅದು ರಕ್ತದಂತೆ ಕೆಂಪಾಗುವುದನ್ನು ನಾವೆಲ್ಲ ನೋಡಿದ್ದೇವೆ. ಅರಿಸಿನವನ್ನು ಕೆಂಪಾಗಿಸುವುದು ಕ್ಷಾರ. ಹೀಗಿರಲು, ಅರಿಸಿನವನ್ನು ಸಾಬೂನಿಗೆ ಬೆರೆಸಿ ‘ಕ್ಷಾರವನ್ನೇ ಮುಟ್ಟಿಲ್ಲ’ ಎನ್ನುವವರು, ಕಳ್ಳನಿಗೆ ಗಂಟೆ ಕಟ್ಟಿ ಕಳಿಸಿದ ಹಾಗಾಯಿತು.

ನನ್ನ ವಾದವನ್ನು ಮೊದಲೇ ಸ್ಪಷ್ಟವಾಗಿ ಹೇಳುತ್ತೇನೆ. ಕ್ಷಾರವಿಲ್ಲದೆ ಸಾಬೂನಿಲ್ಲ. ಮನೆಯಲ್ಲಿ ಮಾಡಿದರೂ ಇಲ್ಲ, ಕಾರ್ಖಾನೆಯಲ್ಲಿ ಮಾಡಿದರೂ ಇಲ್ಲ. ಇದನ್ನು ಮುಚ್ಚಿಡುವುದರಿಂದ ಕೈಕಸಬಿನ ಹವ್ಯಾಸಕ್ಕೆ ಆಗುತ್ತಿರುವ ಹಾನಿಯನ್ನು, ಅದನ್ನು ಗೇಲಿ ಮಾಡುವ ಯಾರೂ ಇದುವರೆಗೆ ಮಾಡಿಲ್ಲ.

ಇದನ್ನು ಹೇಳುತ್ತಿರುವವಳು ಹವ್ಯಾಸದ ಶತ್ರುವಲ್ಲ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವುದು ನನ್ನ ವೃತ್ತಿ. ಸಾಬೂನು ಮಾಡುವುದು 2020ರಿಂದ ಈಚೆಗೆ ನನ್ನ ಹವ್ಯಾಸ. ಆ ವರ್ಷ ಎಲ್ಲರೂ ಮನೆಯೊಳಗೆ ಕೂತಿದ್ದಾಗ, ಪಾಠವನ್ನು ಕಂಪ್ಯೂಟರಿಗೆ ಹೇಳಿ ಹೇಳಿ ಬೇಸತ್ತು, ಕೈಗೆ ಏನಾದರೂ ಕೆಲಸ ಬೇಕೆನಿಸಿತು. ಹಣ ಕಟ್ಟಿ ಒಂದು ತರಗತಿಗೆ ಸೇರಿದೆ. ಅದನ್ನು ನಡೆಸುತ್ತಿದ್ದವರು ಸಾಮಾನಿನ ಪೆಟ್ಟಿಗೆಯನ್ನೂ ಕಳಿಸಿಕೊಟ್ಟರು: ಕೊಬ್ಬರಿ ಎಣ್ಣೆ, ಹರಳೆಣ್ಣೆ, ಅಚ್ಚು, ಸುಗಂಧದ ಸೀಸೆ, ಮತ್ತು ಬಿಳಿಯ ಹರಳುಗಳ ಒಂದು ಪೊಟ್ಟಣ. ಪೊಟ್ಟಣದ ಮೇಲೆ ‘ಆ್ಯಕ್ಟಿವೇಟರ್’ ಎಂದಷ್ಟೇ ಬರೆದಿತ್ತು. ಇದೇನೆಂದು ಕೇಳಿದ್ದಕ್ಕೆ, ಎಣ್ಣೆಯನ್ನು ಗಟ್ಟಿಯಾಗಿಸುವ ಒಂದು ‘ಮಿನರಲ್’ ಎಂದು ಉತ್ತರ ಬಂತು. ಗಟ್ಟಿ ಪದಗಳನ್ನು ಕಂಡರೆ ಅರ್ಥ ಹುಡುಕಬೇಕಾದ ವೃತ್ತಿ ನನ್ನದು. ಅಂದು ಆ ಕೆಲಸ ಮಾಡಲಿಲ್ಲ. ಅದು ನನ್ನ ತಪ್ಪು.

ಎರಡನೆಯ ಸಲ ಮಾಡುವಾಗ ಹನ್ನೆರಡು ವರ್ಷದ ನನ್ನ ಮಗಳು ಸಹಾಯಕ್ಕೆ ನಿಂತಿದ್ದಳು. ನಾನು ಫೋನಿನಲ್ಲಿದ್ದೆ. ಅವಳು ಪೊಟ್ಟಣದ ಹರಳುಗಳನ್ನು ಪಾತ್ರೆಗೆ ಸುರಿದು, ಮೇಲಿನಿಂದ ನೀರು ಹೊಯ್ದಳು. ಹರಳನ್ನು ನೀರಿಗೆ ಹಾಕಬೇಕು, ನೀರನ್ನು ಹರಳಿನ ಮೇಲೆ ಹೊಯ್ಯಬಾರದು ಎಂಬುದು ಈ ಕೆಲಸದ ಮೊದಲ ಪಾಠ. ಆ ಮೊದಲ ಪಾಠವನ್ನೇ ನಮಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಪೊಟ್ಟಣದಲ್ಲಿರುವುದು ಏನೆಂದೂ ಹೇಳಬೇಕಾಗುತ್ತಿತ್ತು. ನೀರು ಕೊತಕೊತ ಕುದಿದು ಹಾರಿ ಅವಳ ಮಣಿಕಟ್ಟಿನ ಮೇಲೆ ಬಿತ್ತು. ನಾನು ಗಾಬರಿಯಲ್ಲಿ ನಿಂಬೆಹಣ್ಣು ಹಿಂಡಿದೆ. ಅದೂ ತಪ್ಪು. ಕ್ಷಾರ ಬಿದ್ದ ಜಾಗವನ್ನು ಹರಿಯುವ ನೀರಿನ ಕೆಳಗೆ ಇಪ್ಪತ್ತು ನಿಮಿಷವಾದರೂ ಹಿಡಿಯಬೇಕು, ಮತ್ತೇನನ್ನೂ ಹಚ್ಚಬಾರದು ಎಂದು ಆಮೇಲೆ ವೈದ್ಯರು ಹೇಳಿದರು. ಚಿನ್ನದ ಬಳೆ ಹಾಕುವ ಜಾಗದಲ್ಲಿ ಅವಳಿಗೆ ಇಂದಿಗೂ ಒಂದು ಹುಣಿಸೆಬೀಜದಷ್ಟು ಕಲೆಯಿದೆ. ಅದು ಕಣ್ಣಿಗೆ ಬಿದ್ದಿದ್ದರೆ ಎಂದು ಯೋಚಿಸಲು ನನಗೆ ಧೈರ್ಯವಿಲ್ಲ.

ಈ ಕಥೆಯನ್ನು ಮರುಕ ಬೇಡಿ ಹೇಳುತ್ತಿಲ್ಲ. ‘ಇದೊಂದು ಸಣ್ಣ ಸುಳ್ಳು, ಯಾರಿಗೇನು ನಷ್ಟ?’ ಎನ್ನುವವರಿಗೆ ಉತ್ತರವಾಗಿ ಹೇಳುತ್ತಿದ್ದೇನೆ.

*

ಸಾಬೂನು ಹೇಗಾಗುತ್ತದೆಂದು ತಿಳಿಯುವುದು ಕಷ್ಟವೇನಲ್ಲ. ಎಣ್ಣೆ, ಕೊಬ್ಬುಗಳು ಯಾವುದರಿಂದ ಆಗಿವೆ ಎಂಬುದನ್ನು ಫ್ರಾನ್ಸ್ ದೇಶದ ಮಿಶೆಲ್ ಷೆವ್ರಲ್ ಎಂಬ ವಿಜ್ಞಾನಿ ವರ್ಷಗಟ್ಟಲೆ ಪರೀಕ್ಷಿಸಿ 1823ರ ತನ್ನ ಗ್ರಂಥದಲ್ಲಿ ವಿವರಿಸಿದ. ಎಣ್ಣೆಯೆಂದರೆ ಕೊಬ್ಬಿನ ಆಮ್ಲಗಳೂ ಗ್ಲಿಸರಿನ್ನೂ ಕೈಹಿಡಿದುಕೊಂಡಿರುವ ಒಂದು ಸಂಸಾರ. ಕ್ಷಾರವು ಅದರೊಳಗೆ ಹೊಕ್ಕು ಆ ಕೈಗಳನ್ನು ಬಿಡಿಸುತ್ತದೆ. ಆಮ್ಲಗಳೊಡನೆ ತಾನು ಸೇರಿ ಸಾಬೂನಾಗುತ್ತದೆ. ಗ್ಲಿಸರಿನ್ ಬೇರೆಯಾಗಿ ಉಳಿಯುತ್ತದೆ. ಇಷ್ಟೇ ಸಂಗತಿ.

ಇದರಲ್ಲಿ ಲೆಕ್ಕ ಉಂಟು. ಒಂದೊಂದು ಎಣ್ಣೆಗೆ ಒಂದೊಂದು ಪ್ರಮಾಣದ ಕಾಸ್ಟಿಕ್ ಸೋಡ ಬೇಕು. 500 ಗ್ರಾಂ ಕೊಬ್ಬರಿ ಎಣ್ಣೆಯನ್ನು ಪೂರ್ತಿಯಾಗಿ ಸಾಬೂನು ಮಾಡಲು ಹೆಚ್ಚುಕಡಿಮೆ 91 ಗ್ರಾಂ ಹಿಡಿಯುತ್ತದೆ. ಅದೇ ತೂಕದ ಹರಳೆಣ್ಣೆಗೆ 64 ಗ್ರಾಂ ಸಾಕು. ಕೊಬ್ಬರಿ ಎಣ್ಣೆಯ ಲೆಕ್ಕವನ್ನು ಹರಳೆಣ್ಣೆಗೆ ಹಾಕಿದರೆ ಮಿಕ್ಕ 27 ಗ್ರಾಂ ಸೋಡ ಸಾಬೂನಿನಲ್ಲೇ ಉಳಿದು ಚರ್ಮವನ್ನು ತಿನ್ನುತ್ತದೆ. ಆದ್ದರಿಂದ ಬಲ್ಲವರು ಸೋಡವನ್ನು ಲೆಕ್ಕಕ್ಕಿಂತ ಕೊಂಚ ಕಡಮೆಯೇ ಹಾಕಿ, ಸ್ವಲ್ಪ ಎಣ್ಣೆಯನ್ನು ಹಾಗೇ ಉಳಿಸುತ್ತಾರೆ. ಇಲ್ಲಿ ಚಮಚದ ಅಳತೆ ನಡೆಯದು, ಕಣ್ಣಂದಾಜು ನಡೆಯದು. ಗ್ರಾಂ ತೋರಿಸುವ ತಕ್ಕಡಿಯೇ ಬೇಕು. ಅಲ್ಯೂಮಿನಿಯಂ ಪಾತ್ರೆ ಕೂಡದು, ಕ್ಷಾರವು ಅದನ್ನು ಕೊರೆದು ಬೆಂಕಿ ತಾಗುವ ಅನಿಲವನ್ನು ಹೊರಡಿಸುತ್ತದೆ, ಸ್ಟೀಲು ಆಗಬಹುದು. ಸೋಡವನ್ನು ತಣ್ಣೀರಿಗೆ ಹಾಕಿ ಕದಡಿದರೆ ಒಲೆಯಿಲ್ಲದೆಯೇ ನೀರು 80 ಡಿಗ್ರಿ ದಾಟಿ ಕಾಯುತ್ತದೆ. ಅದು ಆರಿದ ಮೇಲೆ ಎಣ್ಣೆಗೆ ಬೆರೆಸಿ, ನೀರುದೋಸೆಯ ಹಿಟ್ಟಿನಂತಿದ್ದದ್ದು ಉದ್ದಿನ ಹಿಟ್ಟಿನ ಹದಕ್ಕೆ ಬರುವ ತನಕ ಕಡೆಯಬೇಕು. ಅಚ್ಚಿಗೆ ಹೊಯ್ದು ಮರುದಿನ ಕೊಯ್ದ ಬಳಿಕ, ನಾಲ್ಕರಿಂದ ಆರು ವಾರ ಗಾಳಿಯಾಡುವ ಕಡೆ ಒಣಗಲು ಬಿಡಬೇಕು. ಆ ಹೊತ್ತಿಗೆ ಹಾಕಿದ ಸೋಡವೆಲ್ಲ ಎಣ್ಣೆಯೊಡನೆ ಸೇರಿ ಮುಗಿದಿರುತ್ತದೆ. ಸರಿಯಾಗಿ ಮಾಡಿದ ಸಾಬೂನಿನಲ್ಲಿ ಕಾಸ್ಟಿಕ್ ಸೋಡ ಇರುವುದಿಲ್ಲ, ನಿಜ. ಆದರೆ ಹಾಕಿದವರು ಇಲ್ಲದೆ ಅದು ಆಗಿಲ್ಲ. ಮೊಸರಿನಲ್ಲಿ ಹಾಲು ಕಾಣದೆಂದು ‘ಹಾಲಿಲ್ಲದ ಮೊಸರು’ ಎಂದು ಯಾರಾದರೂ ಮಾರುತ್ತಾರೆಯೆ?

ಈ ಅಳತೆ, ಈ ಎಚ್ಚರ, ಈ ಆರು ವಾರಗಳ ತಾಳ್ಮೆ, ಇವೇ ಈ ಕಸಬಿನ ಸೊಗಸು. ಗುಲಾಬಿಯ ಎಸಳನ್ನು ಯಾರು ಬೇಕಾದರೂ ಸಿಕ್ಕಿಸಬಹುದು. ಕಡೆಯುವಾಗ ಎಣ್ಣೆಯ ಹೊಳಪು ಮಾಯವಾಗಿ ಹಾಲುಬಣ್ಣಕ್ಕೆ ತಿರುಗುವ ಆ ಒಂದು ಕ್ಷಣವಿದೆಯಲ್ಲ, ನನ್ನ ಮಟ್ಟಿಗೆ ಅದಕ್ಕೆ ಸಮಾನವಾದ ಸಂತೋಷ ಕಡಮೆ. ಅದರ ಮೂಲ ಕಾರಣವನ್ನೇ ‘ಇಲ್ಲ’ ಎಂದು ಹೇಳಿಬಿಟ್ಟ ಮೇಲೆ ಕಲಿಯುವುದಕ್ಕೆ ಏನುಳಿಯಿತು? ಅಲ್ಲಿಂದ ಮುಂದೆ ಅದು ಕಸಬಾಗಿ ಉಳಿಯುವುದಿಲ್ಲ. ಪೊಟ್ಟಣ ಬಿಚ್ಚಿ ಸುರಿಯುವ ಕೂಲಿಯಾಗುತ್ತದೆ.

ಇನ್ನೊಂದು ಬಗೆಯ ‘ಮನೆಯ ಸಾಬೂನು’ ಉಂಟು. ಕಾರ್ಖಾನೆಯಲ್ಲಿ ತಯಾರಾದ ಸಾಬೂನಿನ ಗಟ್ಟಿಯನ್ನು ಕೊಂಡು ತಂದು, ಕರಗಿಸಿ, ಬಣ್ಣ-ವಾಸನೆ ಬೆರೆಸಿ, ಅಚ್ಚಿಗೆ ಹೊಯ್ಯುವುದು. ಮಕ್ಕಳಿಗೆ ಒಳ್ಳೆಯ ಆಟ. ಕ್ಷಾರದ ಅಪಾಯವೂ ಇಲ್ಲ. ಆದರೆ ಅಂಗಡಿಯ ಹಿಟ್ಟು ತಂದು ಇಡ್ಲಿ ಬೇಯಿಸಿದವರು ‘ಅಕ್ಕಿ ನೆನೆಸಿ ರುಬ್ಬಿದೆ’ ಎಂದು ಹೇಳುವುದಿಲ್ಲ. ಇವರು ಹೇಳುತ್ತಾರೆ.

*

ಇನ್ನು ಅಜ್ಜಿಯ ವಿಷಯ. ಇವರ ಚೀಟಿಗಳ ಮೇಲೆಲ್ಲ ಒಬ್ಬ ಅಜ್ಜಿ ಕೂತಿದ್ದಾಳೆ. ಬೈತಲೆ ತೆಗೆದು, ಕುಂಕುಮವಿಟ್ಟು, ನಗುತ್ತಾಳೆ. ಅವಳು ಸಾಬೂನು ಕಾಯಿಸುತ್ತಿದ್ದಳಂತೆ. ಯಾರ ಅಜ್ಜಿ, ಸ್ವಾಮಿ? ನನ್ನಜ್ಜಿ ಮಾಡಲಿಲ್ಲ. ನಿಮ್ಮಜ್ಜಿಯೂ ಮಾಡಿದ್ದು ಅನುಮಾನವೇ. ಅವರ ಬಚ್ಚಲಿನಲ್ಲಿದ್ದದ್ದು ಸೀಗೆಪುಡಿ, ಕಡಲೆಹಿಟ್ಟು, ಹೆಸರುಹಿಟ್ಟು. ರೇಷ್ಮೆಯ ಸೀರೆಗೆ, ಒಡವೆಗೆ ಅಂಟುವಾಳದ ಕಾಯಿ. ಮುಸುರೆಯ ಪಾತ್ರೆಗೆ ಒಲೆಯ ಬೂದಿ, ಹುಣಿಸೆಹಣ್ಣು. ಊರ ಮಡಿವಾಳರು ಬಟ್ಟೆಗೆ ಬಳಸುತ್ತಿದ್ದದ್ದು ಚೌಳುಮಣ್ಣು. ಇವುಗಳಲ್ಲಿ ಒಂದೂ ಸಾಬೂನಲ್ಲ. ಸೀಗೆ, ಅಂಟುವಾಳಗಳು ನೊರೆ ಕೊಡುವುದು ತಮ್ಮೊಳಗೆ ಹುಟ್ಟಿನಿಂದಲೇ ಇರುವ ಸಪೋನಿನ್ ಎಂಬ ಪದಾರ್ಥದಿಂದ. ಅವಕ್ಕೆ ಯಾರೂ ಕ್ಷಾರ ಬೆರೆಸಬೇಕಿಲ್ಲ. ಸಾಬೂನು ಯಾವಾಗಲೂ ಕ್ಷಾರದ ಕಡೆಗೇ ವಾಲಿರುತ್ತದೆ; ಸೀಗೆಯ ನೀರು ಕೊಂಚ ಹುಳಿಯ ಕಡೆಗೆ. ಅಜ್ಜಿಯ ಹೆಚ್ಚುಗಾರಿಕೆ ಅವಳು ಸಾಬೂನಿಲ್ಲದೆ ಮೈ ತೊಳೆದಳೆಂಬುದರಲ್ಲಿದೆ. ಅದನ್ನು ಗೌರವಿಸುವುದಾದರೆ ಸೀಗೆ ಕುಟ್ಟಿ ಮಾರಿರಿ. ಅವಳು ಮಾಡದ್ದನ್ನು ಅವಳ ತಲೆಗೆ ಕಟ್ಟಿ, ಅವಳು ಮಾಡಿದ್ದನ್ನು ಮರೆಯಿಸುವುದು ಎಂಥ ಗೌರವ?

ಮಾತನ್ನೇ ನೋಡಿ. ‘ಸೋಪು’ ಇಂಗ್ಲಿಷಿನಿಂದ ಬಂತು. ‘ಸಾಬೂನು’ ಅದಕ್ಕೂ ಹಿಂದೆ ಅರಬರ ಮಾತಿನಿಂದ ನಮ್ಮ ಕಡೆಗೆ ನಡೆದು ಬಂತು. ವಸ್ತು ಬಂದ ದಾರಿಯಲ್ಲೇ ಹೆಸರೂ ಬಂದಿದೆ. ನಮ್ಮಲ್ಲಿ ‘ಸಬಕಾರ’ ಎಂಬ ಇನ್ನೊಂದು ಮಾತೂ ಉಂಟು; ಅದರ ಬಾಲದಲ್ಲಿರುವ ‘ಕಾರ’ ನನಗಂತೂ ಕ್ಷಾರವನ್ನೇ ನೆನಪಿಗೆ ತರುತ್ತದೆ. ಕನ್ನಡಿಗರ ಕಿವಿಗೆ ಕ್ಷಾರವೆಂದರೆ ಭಯವಿರಲಿಲ್ಲ. ಹಪ್ಪಳಕ್ಕೆ ಹಾಕುವ ಹಪ್ಪಳಖಾರವೂ ಕ್ಷಾರವೇ. ಎಲೆಯಡಿಕೆಯ ಸುಣ್ಣವೂ ಕ್ಷಾರವೇ. ಅಳತೆ ತಪ್ಪಿದರೆ ಬಾಯಿ ಸುಡುತ್ತದೆಂದು ಅಜ್ಜಿಗೆ ಗೊತ್ತಿತ್ತು. ಅವಳು ಸುಣ್ಣವಿಲ್ಲವೆಂದು ನಟಿಸಲಿಲ್ಲ, ಸುಣ್ಣವನ್ನು ಅಳತೆಯಲ್ಲಿಟ್ಟಳು.

ನಮ್ಮ ನಾಡಿಗೆ ಸಾಬೂನಿನ ಒಂದು ನಿಜವಾದ ಚರಿತ್ರೆಯೂ ಉಂಟು. 1914ರಲ್ಲಿ ಮೊದಲನೆಯ ಮಹಾಯುದ್ಧ ಹತ್ತಿಕೊಂಡು, ಮೈಸೂರು ಸಂಸ್ಥಾನದ ಗಂಧದ ಮರ ಯೂರೋಪಿಗೆ ಹೋಗುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ದಿವಾನ್ ವಿಶ್ವೇಶ್ವರಯ್ಯನವರು ಇಲ್ಲಿಯೇ ಗಂಧದೆಣ್ಣೆ ತೆಗೆಯುವ ಏರ್ಪಾಡು ಮಾಡಿದರು. ಸೋಸಲೆ ಗರಳಪುರಿ ಶಾಸ್ತ್ರಿಗಳೆಂಬ ರಸಾಯನಶಾಸ್ತ್ರಜ್ಞರು ಇಂಗ್ಲೆಂಡಿಗೆ ಹೋಗಿ ಸಾಬೂನು, ಸುಗಂಧಗಳ ವಿದ್ಯೆ ಕಲಿತು ಬಂದರು. 1918ರ ಹೊತ್ತಿಗೆ ಬೆಂಗಳೂರಿನ ಸರ್ಕಾರಿ ಕಾರ್ಖಾನೆಯಿಂದ ಮೈಸೂರು ಸ್ಯಾಂಡಲ್ ಸಾಬೂನು ಹೊರಬಂತು. ನಮ್ಮ ಅಜ್ಜಿಯರು ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಬಚ್ಚಿಟ್ಟುಕೊಂಡ ಸಾಬೂನು ಅದು. ಅದನ್ನು ಕಟ್ಟಿದವರು ರಸಾಯನಶಾಸ್ತ್ರವೆಂದು ನಾಚಿಕೊಳ್ಳಲಿಲ್ಲ. ಅದನ್ನು ಕಲಿಯಲು ಸಮುದ್ರ ದಾಟಿದರು. ಅಂಥ ಊರಿನಲ್ಲಿ ನೂರು ವರ್ಷದ ಮೇಲೆ, ಪದವಿ ಪಡೆದ ಹೆಣ್ಣುಮಕ್ಕಳು ‘ರಾಸಾಯನಿಕ ಇಲ್ಲವೇ ಇಲ್ಲ’ ಎಂಬ ಹಲಗೆ ತೂಗುಹಾಕಿ ಕೂರುವುದನ್ನು ಮುನ್ನಡೆಯೆಂದು ಹೇಗೆ ಕರೆಯೋಣ?

*

ನನಗೆ ಬರಬಹುದಾದ ಆಕ್ಷೇಪಗಳನ್ನು ಬಲ್ಲೆ. ಮೊದಲನೆಯದು: ‘ಪಾಪ, ಮನೆಯಲ್ಲಿ ಕೂತ ಹೆಂಗಸರು ನಾಲ್ಕು ಕಾಸು ಸಂಪಾದಿಸುತ್ತಾರೆ. ಅವರ ಹೊಟ್ಟೆಯ ಮೇಲೆ ಏಕೆ ಹೊಡೆಯುತ್ತೀರಿ?’ ಹೊಡೆಯುತ್ತಿಲ್ಲ. ಸಂಪಾದಿಸಲಿ, ಹೆಣ್ಣು ತನ್ನ ಕೈಯಿಂದ ಗಳಿಸಿದ ಹಣದ ರುಚಿ ಏನೆಂದು ನನಗೆ ಗೊತ್ತು. ಆದರೆ ಮಾರಾಟಕ್ಕೆ ಇಳಿದ ಮೇಲೆ ಹವ್ಯಾಸದ ರಿಯಾಯಿತಿ ಕೇಳಬಾರದು. ಮಾರುವುದಕ್ಕಾಗಿ ಸಾಬೂನು ತಯಾರಿಸಲು 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯಿದೆಯಡಿ ಪರವಾನಗಿ ಬೇಕು. 2020ರ ಕಾಂತಿವರ್ಧಕ ನಿಯಮಗಳಂತೆ ಒಳಗಿನ ಪದಾರ್ಥಗಳನ್ನು ಚೀಟಿಯ ಮೇಲೆ ಬರೆಯಬೇಕು. ಇದನ್ನೆಲ್ಲ ಪಾಲಿಸಿ, ಹಣ ತೆತ್ತು, ನಿಜ ಬರೆದು ಮಾರುವ ಹೆಂಗಸರೂ ಇದ್ದಾರೆ. ಪಕ್ಕದ ಮೇಜಿನ ಸುಳ್ಳು ಮೊದಲು ಹೊಡೆಯುವುದು ಅವರ ಹೊಟ್ಟೆಯ ಮೇಲೆ. ‘ಇವಳದರಲ್ಲಿ ಕಾಸ್ಟಿಕ್ ಇದೆಯಂತೆ, ಅವಳದರಲ್ಲಿ ಇಲ್ಲವಂತೆ’ ಎಂದು ಗಿರಾಕಿ ಆ ಕಡೆ ಹೋದರೆ, ಪ್ರಾಮಾಣಿಕಳಾದವಳು ಎಷ್ಟು ದಿನ ಪ್ರಾಮಾಣಿಕಳಾಗಿರಬಲ್ಲಳು?

ಇದಕ್ಕಿಂತ ನನ್ನನ್ನು ಹೆಚ್ಚು ನೋಯಿಸುವ ಇನ್ನೊಂದು ಸಂಗತಿಯಿದೆ. ಈ ವ್ಯಾಪಾರ ನಿಂತಿರುವುದು ಹೆದರಿಕೆಯ ಮೇಲೆ. ‘ಅಂಗಡಿಯ ಸಾಬೂನು ವಿಷ’ ಎನ್ನದೆ ಇವರ ಸಾಬೂನು ಮಾರಾಟವಾಗುವುದಿಲ್ಲ. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ಹತ್ತು ರೂಪಾಯಿಯ ಸಾಬೂನು ಕೊಂಡು ತನ್ನ ಮೂರು ಮಕ್ಕಳಿಗೆ ಮೀಯಿಸುತ್ತಾಳೆ. ಒಂದು ದಿನ ನನ್ನ ಗೆಳತಿಯೊಬ್ಬಳು ಅವಳೆದುರಿಗೇ, “ಆ ಸಾಬೂನೆಲ್ಲ ಮಕ್ಕಳಿಗೆ ಹಾಕಬಾರದು, ಪಾಯ್ಸನ್” ಎಂದುಬಿಟ್ಟಳು. ಅಕ್ಕ ಪಾತ್ರೆ ತೊಳೆಯುತ್ತಿದ್ದ ಕೈಯನ್ನು ನಿಲ್ಲಿಸಿ, “ಹಂಗಾರೆ ನಾವೇನ್ ಹಾಕ್ಬೇಕ್ರಮ್ಮ?” ಎಂದು ಕೇಳಿದಳು. ಗೆಳತಿಯ ಬಳಿ ಉತ್ತರವಿರಲಿಲ್ಲ. 250 ರೂಪಾಯಿಯದನ್ನು ಹಾಕು ಎನ್ನಲಾಗುತ್ತದೆಯೆ? ಉಳ್ಳವರಿಗೆ ಹೆದರಿಕೆಯನ್ನು ಮಾರಿ, ಇಲ್ಲದವರಿಗೆ ಅದನ್ನೇ ಅವಮಾನವಾಗಿ ಹಂಚುವ ಈ ಹವ್ಯಾಸದಲ್ಲಿ ಪ್ರಕೃತಿಪ್ರೇಮ ಎಲ್ಲಿದೆಯೋ ನಾನು ಕಾಣೆ.

ಅಂಗಡಿಯ ಸಾಬೂನಿನ ಹೊದಿಕೆಯನ್ನು ಓದಿ ನೋಡಿ. ‘ಸೋಡಿಯಂ ಪಾಮೇಟ್’ ಎಂದಿದ್ದರೆ ಅದು ತಾಳೆಯೆಣ್ಣೆಗೆ ಕಾಸ್ಟಿಕ್ ಸೋಡ ಕೂಡಿಸಿದ್ದು. ‘ಸೋಡಿಯಂ ಕೊಕೊಯೇಟ್’ ಎಂದಿದ್ದರೆ ಕೊಬ್ಬರಿ ಎಣ್ಣೆಗೆ ಕೂಡಿಸಿದ್ದು. ಟಿ.ಎಫ್.ಎಂ. ಎಂಬ ಅಂಕಿ, ಅದರಲ್ಲಿ ಕೊಬ್ಬಿನ ಅಂಶ ನೂರಕ್ಕೆ ಎಷ್ಟೆಂದು ಹೇಳುತ್ತದೆ. 76 ಅಥವಾ ಅದಕ್ಕೆ ಮೇಲ್ಪಟ್ಟದ್ದು ಮೊದಲ ದರ್ಜೆ. ಮನೆಯ ಸಾಬೂನಿಗೂ ಅದಕ್ಕೂ ಕುಲ ಒಂದೇ. ವ್ಯತ್ಯಾಸವೇ ಇಲ್ಲವೆನ್ನುವುದಿಲ್ಲ. ಕಾರ್ಖಾನೆಯವರು ಬಹುಮಟ್ಟಿಗೆ ಗ್ಲಿಸರಿನ್ ಬೇರ್ಪಡಿಸಿ ಬೇರೆಯಾಗಿ ಮಾರಿಕೊಳ್ಳುತ್ತಾರೆ. ಮನೆಯಲ್ಲಿ ಮಾಡಿದ್ದರಲ್ಲಿ ಅದು ಉಳಿಯುತ್ತದೆ, ಮೈಗೆ ಮೃದುವೆನಿಸುತ್ತದೆ. ಹೇಳಿಕೊಳ್ಳಲು ಇಷ್ಟು ನಿಜವಾದ ಗುಣವಿರುವಾಗ ಸುಳ್ಳು ಗುಣ ಏಕೆ ಬೇಕು? ಕಜ್ಜಿ, ಮೊಡವೆ, ಬಿಳಿಚು ಎಲ್ಲಕ್ಕೂ ಇದೇ ಮದ್ದು ಎಂದೇಕೆ ಬರೆಯಬೇಕು?

ಎರಡನೆಯ ಆಕ್ಷೇಪ ಇನ್ನೊಂದು ದಿಕ್ಕಿನದು. ನಮ್ಮ ಕಾಲೇಜಿನ ಅರ್ಥಶಾಸ್ತ್ರದ ಸಹೋದ್ಯೋಗಿ ನನ್ನ ಸಾಬೂನನ್ನು ಮೂಸಿ ನೋಡಿ, “ಮೇಡಂ, ಎಣ್ಣೆ, ಕರೆಂಟು, ನಿಮ್ಮ ಗಂಟೆಗಳ ಸಂಬಳ ಸೇರಿಸಿದರೆ ಇದರ ಅಸಲು ಎಷ್ಟಾಯಿತು? ಅಂಗಡಿಯಲ್ಲಿ ನಲವತ್ತಕ್ಕೆ ಸಿಗುತ್ತದೆ” ಎಂದರು. ಈ ಲೆಕ್ಕಕ್ಕೆ ಹೆದರಿಯೇ ನಮ್ಮವರು ಸುಳ್ಳು ಹೇಳಲು ಕಲಿತದ್ದೆಂದು ನನಗೆ ಅನೇಕ ವೇಳೆ ಅನಿಸುತ್ತದೆ. ಹೆಣ್ಣು ಸುಮ್ಮನೆ ಸಂತೋಷಕ್ಕೆಂದು ಏನನ್ನಾದರೂ ಮಾಡುವುದನ್ನು ನಮ್ಮ ಸಮಾಜ ಸಹಿಸದು. ಗಂಡಸರು ಇಡೀ ಭಾನುವಾರ ಕ್ರಿಕೆಟ್ ನೋಡಿದರೆ ಅಸಲು-ಬಡ್ಡಿ ಕೇಳುವವರಿಲ್ಲ. ಹೆಂಗಸು ಎರಡು ಗಂಟೆ ಎಣ್ಣೆ ಕಡೆದರೆ ‘ಲಾಭವೇನು?’ ಎನ್ನುತ್ತಾರೆ. ಆಗ ಅವಳು ಆರೋಗ್ಯದ ಹೆಸರು ಹೇಳುತ್ತಾಳೆ, ಮಕ್ಕಳ ಹೆಸರು ಹೇಳುತ್ತಾಳೆ, ಕಡೆಗೆ ಅಜ್ಜಿಯ ಹೆಸರು ಹೇಳುತ್ತಾಳೆ. ‘ನನಗೆ ಇಷ್ಟ, ಮಾಡುತ್ತೇನೆ’ ಎಂಬ ನೇರವಾದ ಮಾತು ಅವಳ ಬಾಯಲ್ಲಿ ಬರುವುದಿಲ್ಲ.

ನನ್ನ ತಾಯಿ ಪ್ಲಾಸ್ಟಿಕ್ ವೈರಿನಲ್ಲಿ ಬುಟ್ಟಿ ಹೆಣೆಯುತ್ತಿದ್ದರು. ಕೇರಿಯ ಹೆಂಗಸರೆಲ್ಲ ಹೆಣೆಯುತ್ತಿದ್ದ ಕಾಲ ಅದು. ಬಾಗಿಲಿಗೆ ಮಣಿಯ ತೋರಣ, ರೇಡಿಯೋಗೆ ಕ್ರೋಶಾದ ಹೊದಿಕೆ. ಅವುಗಳಿಂದ ಯಾವ ರೋಗವೂ ವಾಸಿಯಾಗಲಿಲ್ಲ; ಯಾವ ಪರಂಪರೆಯೂ ಉದ್ಧಾರವಾಗಲಿಲ್ಲ. ಮಧ್ಯಾಹ್ನದ ಒಂದು ಗಂಟೆ ಅವರದಾಗಿತ್ತು, ಅಷ್ಟೆ. ಅಮ್ಮನ ಬುಟ್ಟಿಯಲ್ಲಿ ನಾನು ಇಂದಿಗೂ ತರಕಾರಿ ತರುತ್ತೇನೆ. ಅದರ ತಳದಲ್ಲಿ ಒಂದು ಕಡೆ ಬಣ್ಣದ ಸಾಲು ತಪ್ಪಿದೆ. ಅದನ್ನು ಕೇಳಿದರೆ, “ಅವತ್ತು ನಿನಗೆ ಜ್ವರ ಬಂದಿತ್ತು, ಲೆಕ್ಕ ತಪ್ಪಿತು” ಎನ್ನುತ್ತಿದ್ದರು. ತಪ್ಪನ್ನು ಮುಚ್ಚಲು ಅವರಿಗೆ ಕಾರಣವೇ ಇರಲಿಲ್ಲ. ಮಾರಬೇಕಾಗಿರಲಿಲ್ಲ, ಯಾರಿಗೂ ಸಮಜಾಯಿಷಿ ಕೊಡಬೇಕಾಗಿರಲಿಲ್ಲ.

ಮಾರಿ ಬದುಕುವವರ ಕಸಬಿನಲ್ಲೂ ಇಂಥದೇ ಒಂದು ನೇರ ಉಂಟು. ಧಾರವಾಡದ ಕಡೆಯ ಕಸೂತಿಯನ್ನು ನೋಡಿದವರಿಗೆ ಗೊತ್ತು: ಗವಂತಿ, ಮುರಗಿ ಎಂಬ ಹೊಲಿಗೆಗಳು ಬಟ್ಟೆಯ ಮುಂದೆ ಹೇಗೋ ಹಿಂದೆಯೂ ಹಾಗೆಯೇ ಕಾಣಬೇಕು. ಎಲ್ಲಿಯೂ ಗಂಟು ಹಾಕುವಂತಿಲ್ಲ. ಕಸೂತಿ ಬಲ್ಲ ಮುದುಕಿ ಸೀರೆಯನ್ನು ಕೈಗೆ ತೆಗೆದುಕೊಂಡವಳೇ ಮೊದಲು ಹಿಂಬದಿ ತಿರುಗಿಸಿ ನೋಡುತ್ತಾಳೆ. ಚನ್ನಪಟ್ಟಣದ ಕುಸುರಿಗಾರನನ್ನು ಗೊಂಬೆಗೆ ಏನು ಹಚ್ಚುತ್ತೀರೆಂದು ಕೇಳಿ. ಆಲೆಮರ, ಅರಗು, ಬಣ್ಣ, ಹೊಳಪಿಗೆ ಗರಿಯೋಲೆ ಎಂದು ತಿರುಗಣಿಯ ಮುಂದೆಯೇ ಮಾಡಿ ತೋರಿಸುತ್ತಾನೆ. ಅವನ ಗೊಂಬೆಗೆ ನಾವು ಇಪ್ಪತ್ತು ರೂಪಾಯಿ ಚೌಕಾಸಿ ಮಾಡುತ್ತೇವೆ. ಗುಟ್ಟಿನ ಸಾಬೂನಿಗೆ 250 ಕೊಟ್ಟು ಬರುತ್ತೇವೆ. ಹವ್ಯಾಸಿಗಳು ಕಸಬುದಾರರಿಂದ ಕಲಿಯಬೇಕಾದದ್ದು ಕೈಚಳಕ ಒಂದನ್ನೇ ಅಲ್ಲ, ಹಿಂಬದಿಯನ್ನು ತಿರುಗಿಸಿ ತೋರಿಸುವ ಆ ಧೈರ್ಯವನ್ನೂ ಕಲಿಯಬೇಕು.

ಆದ್ದರಿಂದ ಸಾಬೂನು ಮಾಡುವ ನನ್ನ ಅಕ್ಕತಂಗಿಯರಲ್ಲಿ ನನ್ನ ವಿನಂತಿ ಇಷ್ಟು. ಕಾಸ್ಟಿಕ್ ಸೋಡ ಹಾಕಿದ್ದರೆ ಹಾಕಿದೆವೆಂದು ಬರೆಯಿರಿ. ಗಟ್ಟಿ ಕೊಂಡು ಕರಗಿಸಿದ್ದರೆ ಕರಗಿಸಿದೆವೆಂದು ಹೇಳಿರಿ. ಮದ್ದಲ್ಲದ್ದನ್ನು ಮದ್ದೆನ್ನಬೇಡಿ. ಮಾಡದ ಅಜ್ಜಿಯನ್ನು ಚೀಟಿಯಿಂದ ಇಳಿಸಿ ಮನೆಗೆ ಕಳಿಸಿಕೊಡಿ. ಕಲಿಸುವವರಾದರೆ ಸುಗಂಧದ ಸೀಸೆಗೂ ಮೊದಲು ಸೋಡದ ಡಬ್ಬಿಯನ್ನು ಎತ್ತಿ ಹಿಡಿದು, ಅದರ ಹೆಸರು ಹೇಳಿ, ಕೈಚೀಲ ಹಾಕಿಸಿ, ಕಣ್ಣಿಗೆ ಕನ್ನಡಕ ಹಾಕಿಸಿ, ಮಕ್ಕಳನ್ನು ದೂರ ನಿಲ್ಲಿಸಿ ಪಾಠ ಶುರು ಮಾಡಿರಿ. ಅದಕ್ಕೆ ಹೆದರಿ ಓಡುವವರು ಓಡಲಿ. ಉಳಿದವರು ನಿಜವಾಗಿ ಕಲಿಯುತ್ತಾರೆ.

ನನ್ನ ಮಗಳು ಈಗ ಕಾಲೇಜಿನ ಮೊದಲ ವರ್ಷದಲ್ಲಿದ್ದಾಳೆ. ಎರಡು ವರ್ಷ ಸಾಬೂನಿನ ಪಾತ್ರೆಯ ಹತ್ತಿರ ಸುಳಿಯಲಿಲ್ಲ. ಆಮೇಲೆ ತಾನಾಗಿಯೇ ಬಂದಳು. ಈಗ ತೂಕ ಮಾಡುವುದು ಅವಳೇ, ನನ್ನನ್ನು ನಂಬುವುದಿಲ್ಲ. ಕಳೆದ ದೀಪಾವಳಿಗೆ ಅಕ್ಕಪಕ್ಕದ ಮನೆಗಳಿಗೆ ಕೊಡಲು ಹನ್ನೆರಡು ಸಾಬೂನು ಮಾಡಿದಳು. ಪ್ರತಿಯೊಂದಕ್ಕೂ ತನ್ನ ಅಕ್ಷರದಲ್ಲಿ ಚೀಟಿ ಬರೆದಳು: ‘ಕೊಬ್ಬರಿ ಎಣ್ಣೆ, ಹರಳೆಣ್ಣೆ, ನೀರು, ಕಾಸ್ಟಿಕ್ ಸೋಡ.’ ಮೂರು ದಿನದ ಮೇಲೆ ಎದುರು ಮನೆಯಾಕೆ ಸಂಕೋಚಪಡುತ್ತ ಬಂದು, “ಇದರಲ್ಲಿ ಕಾಸ್ಟಿಕ್ ಇದೆಯಂತಲ್ಲ, ನಮ್ಮವರು ಬೇಡ ಅಂದರು, ಬೇಜಾರು ಮಾಡಿಕೋಬೇಡಿ” ಎಂದು ಸಾಬೂನನ್ನು ಹಿಂದಿರುಗಿಸಿ ಹೋದರು. ಸಂತೆಯಲ್ಲಿ ಅವರನ್ನು ನಾನು ಮತ್ತೆ ಕಂಡೆ. ನನ್ನ ಪಕ್ಕದಲ್ಲಿ ನಿಂತಿದ್ದ ಇಬ್ಬರಲ್ಲಿ ಒಬ್ಬರು ಅವರೇ. ಅರಿಸಿನದ ಸಾಬೂನು ಎರಡು ಕೊಂಡರು.

ಈ ಸಲದ ದೀಪಾವಳಿಗೆ ಚೀಟಿಯಲ್ಲಿ ಏನು ಬರೆಯುವುದೆಂದು ಮಗಳನ್ನು ಕೇಳಿದೆ. “ಹೋದ ಸಲ ಬರೆದದ್ದೇ ಅಮ್ಮ. ಮತ್ತೇನು?” ಎಂದಳು.